ಬರೆಯಲು ಬೆನ್ನಿಲ್ಲದ ಗಾಡಿ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ
ಇಪ್ಪತ್ತಾರು ವರ್ಷ ಗಾಡಿಗಳ ಬೆನ್ನ ಮೇಲೆ ಬರೆದವನು ನಾನು.
'ತಾಯಿಯ ಆಶೀರ್ವಾದ', 'ಹಾರ್ನ್ ಮಾಡಿ',
'ನೋಡು, ಉರಿಯಬೇಡ',
ಎಲ್ಲ ಈ ಕೈಯದೇ.

ಒಂದು ಮಂಗಳವಾರ ಇನಾಸ್ ಪಿಂಟೋ
ತಾನೇ ಬೆಸೆದದ್ದನ್ನು, ಹೊಗೆಯಿಲ್ಲ ಕೆಮ್ಮಿಲ್ಲ,
ನನ್ನ ಅಂಗಡಿ ಮುಂದೆ ತಂದು ನಿಲ್ಲಿಸಿದ.
'ಏನಾದರೂ ಬರಿ ಮಾರಾಯ.'

ಒಂದು ಸುತ್ತು ಹಾಕಿದೆ. ಎರಡು.
ಹಿಂದೆ ಹೋದರೆ ಅಲ್ಲಿ ಡ್ರೈವರ್ ಸೀಟು,
ಮುಂದೆ ಬಂದರೆ ಸಾಮಾನಿನ ತೊಟ್ಟಿ,
ಒಂದೇ ದೀಪ, ಅದೂ ನಡುವೆ ಅಲ್ಲ, ಎಡಕ್ಕೆ.
'ಇದರ ಬೆನ್ನು ಎಲ್ಲಿಟ್ಟೆಯೋ?'

ಅಭಿಪ್ರಾಯಕ್ಕೇನು, ನಮ್ಮ ಬೀದಿಯಲ್ಲಿ ಗ್ರೀಸಿಗಿಂತ ಅಗ್ಗ.
ಟಯರಿನ ಖಲಂದರ್ ಅಂದ: ಮಗುಚಿದ ಇಸ್ತ್ರಿ ಪೆಟ್ಟಿಗೆ.
ರೇಡಿಯೇಟರಿನ ಷಣ್ಮುಗಂ: ಅಲ್ಲ, ರಿವರ್ಸಿನಲ್ಲಿ ಹುಟ್ಟಿದ್ದು.
ಹದಿನಾಲ್ಕು ಗಾಲಿಯ ಹಾಲಸ್ವಾಮಿ ಬೀಡಿ ಆರಿಸಿ ಕೇಳಿದ:
ಗಂಟಲೇ ಇಲ್ಲದ್ದು ಘಾಟಿ ಹತ್ತುತ್ತಾ?
ಎಲ್ಲರಿಗಿಂತ ಜೋರು ನಾನು.
'ಚಂದ ಅನ್ನೋದು ಒಂದಿದೆ, ಇನಾಸ. ಇದು ಅದಲ್ಲ.'

ಭದ್ರಾವತಿಯ ಗುಜರಿ ತಗಡು,
ಸತ್ತ ಸ್ಕೂಟರುಗಳಿಂದ ಬಿಚ್ಚಿದ ಬ್ಯಾಟರಿ,
ಹೊಲಿಗೆ ಯಂತ್ರದ ಅಂಗಡಿಯಿಂದ ಯಾವುದೋ ತಿರುಪು.
ಇನಾಸ ಸಿಟ್ಟಾಗಲಿಲ್ಲ.
'ಹೊರೆ ಕಣ್ಣೆದುರಿಗಿರಲಿ ಅಂತ' ಅಂದ,
'ಹಿಂದೆ ಬಿದ್ದದ್ದು ಮನೆ ಮುಟ್ಟಿದ ಮೇಲೆ ತಾನೆ ಗೊತ್ತಾಗೋದು?'

ಬ್ರೇಕ್ ಇನ್ಸ್‌ಪೆಕ್ಟರು ಮೂರು ಸಲ ವಾಪಸ್ಸು ಕಳಿಸಿದರು.
ನಾಲ್ಕನೇ ಸಲ ಪರೀಕ್ಷೆಗೆಂದು ತಾವೇ ಹತ್ತಿ
ಒಂದು ಗಂಟೆ ನಾಪತ್ತೆ.

ಕೊನೆಗೆ ಕೊಂಡವಳು ಕೋಣಂದೂರಿನ ವಾರಿಜಾ.
ಬೆಲೆ ಕೇಳುವ ಮೊದಲು
ಓಡುವ ಗಾಡಿಯ ತೊಟ್ಟಿಗೆ ಅಂಗೈ ಊರಿ
ಬಹಳ ಹೊತ್ತು ನಿಂತಳಂತೆ, ಜ್ವರ ನೋಡುವವರ ಹಾಗೆ.
'ನಡುಗೋದಿಲ್ಲ' ಅಂದಳು.
ಅವಳದ್ದು ತುಡುವೆ ಜೇನು. ಹೂವಿದ್ದ ಕಡೆಗೆ
ರಾತ್ರೋರಾತ್ರಿ ಪೆಟ್ಟಿಗೆ ಸಾಗಿಸಬೇಕು.
ಡೀಸೆಲ್ ಗಾಡಿಯಲ್ಲಿ ಎರಿ ಮುರಿದು,
ಹುಳ ರೊಚ್ಚಿಗೆದ್ದು, ಬೆಳಗಾಗುವಾಗ ಅರ್ಧ ಖಾಲಿ.

ಪೆಟ್ಟಿಗೆಗಳ ಮೇಲೆ ನಂಬರು ಬರೆಯಲು ಹೋದವನು
ಒಂದು ರಾತ್ರಿ ನಾನೂ ಹತ್ತಿದೆ. ನಗರದ ಕಡೆಗೆ.
ಮೂವತ್ತೆರಡು ಮನೆಗಳು ಮೂಗಿನ ಮುಂದೆ,
ಒಳಗಿನಿಂದ ನಿದ್ದೆಯ ಝೇಂಕಾರ,
ಜಲ್ಲಿಯ ಮೇಲೆ ಟಯರಿನ ಪಿಸುಮಾತು, ಮತ್ತೇನಿಲ್ಲ.
ರಸ್ತೆಯಲ್ಲಿ ಮಲಗಿದ್ದ ಎಮ್ಮೆ ನಮ್ಮನ್ನು ಕೇಳಿಸಿಕೊಳ್ಳಲೇ ಇಲ್ಲ;
ವಾರಿಜಾ ಇಳಿದು ಅದರ ಬೆನ್ನು ತಟ್ಟಿ ಎಬ್ಬಿಸಿದಳು.

ಇಳಿಜಾರು ಬಂತು.
ಬ್ಯಾಟರಿಯ ಮುಳ್ಳು ಮೆಲ್ಲಗೆ ಮೇಲೇರಿತು.
'ಕೆಟ್ಟಿದೆಯಾ?' ಅಂದೆ.
'ಇಳಿಯುವಾಗ ದುಡಿಯುತ್ತೆ' ಅಂದಳು.
ಇಳಿಯುತ್ತಾ ಗಳಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು;
ನನಗೆ ಗೊತ್ತಿದ್ದವರೆಲ್ಲ ಇಳಿಯುತ್ತಾ ಕಳೆದುಕೊಂಡವರೇ.

ಆಗಿ ಹನ್ನೊಂದು ವರ್ಷ.
ಈಗ ಕಂಪನಿಯವರೇ ತರುತ್ತಾರೆ ಕರೆಂಟಿನ ಗಾಡಿ,
ಕನ್ನಡಿಯಂಥ ಮೈ, ಚಾಕುವಿನಂಥ ಅಂಚು.
ಖಲಂದರ್ ಸುತ್ತು ಹಾಕಿ ನೋಡುತ್ತಾನೆ:
'ವಾರಿಜಕ್ಕನದ್ದರ ಥರ ಇಲ್ಲ ಬಿಡಿ.'
ಇಸ್ತ್ರಿ ಪೆಟ್ಟಿಗೆ ಅಂದದ್ದು ಅವನಿಗೆ ಮರೆತಿದೆ.
ನಾನು ಮರೆತಿಲ್ಲ. ನಾನು ಅಂದದ್ದನ್ನು ಹಿಂತೆಗೆದುಕೊಂಡೂ ಇಲ್ಲ;
ಅದು ಚಂದವಿಲ್ಲ. ಆದರೆ ಅದು ತಿರುವಿನಲ್ಲಿ ಕಂಡ ಕೂಡಲೇ
ಕುಂಚ ಡಬ್ಬಿಗಿಟ್ಟು ರಸ್ತೆಗೆ ಬರುತ್ತೇನೆ,
ಚಾ ಲೋಟ ಹಿಡಿದವರೂ ಬರುತ್ತಾರೆ,
ಪ್ರತಿ ಸಲ, ಮೊದಲ ಸಲದ ಹಾಗೆ.
ಚಂದದ ಗಾಡಿಗಳು ನೂರಾರು ಕೈದಾಟಿ ಹೋದವು,
ಒಂದರ ಮುಖವೂ ನೆನಪಿಲ್ಲ.

ಮಾಘ ಮುಗಿಯುವಾಗ ನಂಬರು ಮಾಸಿರುತ್ತವೆ.
ವಾರಿಜಾ ಬಂದು ನಿಲ್ಲಿಸುತ್ತಾಳೆ, ನಾನು ಮತ್ತೆ ತಿದ್ದುತ್ತೇನೆ,
ಗಾಡಿಗೆ ಎರಡು ಸುತ್ತು ಹಾಕುತ್ತೇನೆ.
ಈ ಸಲವೂ ಜಾಗ ಸಿಗಲಿಲ್ಲ.
ಹದಿನೇಳನೇ ಪೆಟ್ಟಿಗೆಯ ಹಸಿ ಬಣ್ಣದ ಮೇಲೆ
ಒಂದು ತುಡುವೆ ಕೂತು, ನಡೆದು,
ಏಳರ ಬಾಲವನ್ನು ಒಂದಿಷ್ಟು ಎಳೆಯಿತು.
ಹಾಗೇ ಬಿಟ್ಟೆ.